ಬಿಸಿಯಲ್ಲೇ ಮಡಚಿದ ಟವೆಲುಗಳು

ನೀರು ನಿಂತಿತೇನೋ ಎಂದುಕೊಂಡೆ, ಇಲ್ಲ, ಮತ್ತೆ ಸುರಿಯಿತು, ಬಚ್ಚಲಿನ ಬಾಗಿಲ ಕೆಳಗಿನ ಸಂದಿಯಿಂದ ಹಬೆ ಬರುತ್ತಿದೆ, ಜೊತೆಗೆ ಸೋಪಿನ ವಾಸನೆ, ಹೊಸ ಸೋಪು, ಅವನಿಗೆಂದೇ ಕಾಗದ ಬಿಡಿಸಿ ಇಟ್ಟದ್ದು, ಮಾಡಲಿ, ಎಷ್ಟು ಹೊತ್ತಾದರೂ ಸ್ನಾನ ಮಾಡಲಿ, ಇಡೀ ಟ್ಯಾಂಕು ಖಾಲಿಯಾಗಲಿ, ಮೇಲಿನ ಮನೆಯವರು ನೀರಿಲ್ಲ ಎಂದು ಇಳಿದು ಬಂದರೆ ನಾನು ಉತ್ತರ ಕೊಡುತ್ತೇನೆ, ಉತ್ತರ ಕೊಡುವುದರಲ್ಲಿ ಪಳಗಿದ್ದೇನೆ, ಇಷ್ಟು ವರ್ಷ ಅದೇ ತಾನೇ ಕೆಲಸ — ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರು ಬಾಯಿ ತುಂಬ ಹತ್ತಿ ತುರುಕಿ ಕೂರಿಸಿದ್ದಾಗಲೂ, ನಿಮ್ಮ ತಮ್ಮನೇ ಅಲ್ವಾ ಲಾಂಡ್ರಿಗೆ ಬೆಂಕಿ ಇಟ್ಟಿದ್ದು, ಏನು ಹೇಳಲಿ, ಆ ಎಂದೆ, ಆ ಎಂದರೆ ಹೌದು ಎಂದುಕೊಂಡರೋ ಏನೋ. ತಮ್ಮ ಬಚ್ಚಲಿನಲ್ಲಿದ್ದಾನೆ. ನನ್ನ ಮನೆಯ ಬಚ್ಚಲಿನಲ್ಲಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳಿಕೊಳ್ಳಬಹುದು, ಆಕ್ಷೇಪಣೆ ಎಂದು ಎದ್ದು ನಿಲ್ಲುವವರು ಯಾರೂ ಇಲ್ಲ, ನಿನ್ನೆ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು, ಇವತ್ತು ಬೆಳಗ್ಗೆ ಜೈಲಿನ ಬಾಗಿಲಿಂದ ಕರೆತಂದೆವು, ಊಟ ಆಮೇಲೆ ಅಕ್ಕ, ಮೊದಲು ಸ್ನಾನ, ಅಂದ, ಬಾಗಿಲ ಮುಂದೆ ಹೋಗಿ ಸುಮ್ಮನೆ ನಿಂತ, ಯಾಕೋ, ಅಂದೆ, ಏನಿಲ್ಲ, ಒಳಗಿಂದ ಚಿಲಕ ಇದ್ಯಾ, ಅಂದ. ಇದೆ ಕಣೋ, ನಿನ್ನಿಷ್ಟ, ಹಾಕ್ಕೊ, ಬೇಕಾದ್ರೆ ಎರಡು ಸಲ ಹಾಕ್ಕೊ.

ಹಾಲಿನಲ್ಲಿ ಟಿವಿ ಒದರುತ್ತಿದೆ, ನಮ್ಮನೆಯವರು ಅವನಿಗೆ ಚಪ್ಪಲಿ ತರಲು ಹೋದವರು ಆರಿಸಿ ಹೋಗಿಲ್ಲ, ನಾಲ್ಕು ಜನ ನಾಲ್ಕು ಚೌಕದೊಳಗೆ ಕೂತು ನನ್ನ ತಮ್ಮನನ್ನು ಹಂಚಿಕೊಳ್ಳುತ್ತಿದ್ದಾರೆ, ಬಿಡುಗಡೆಯಾದ ಮಾತ್ರಕ್ಕೆ ನಿರಪರಾಧಿ ಎನ್ನಲಾದೀತೇ, ಇದು ಸಂಶಯದ ಲಾಭ ಮಾತ್ರ — ಲಾಭವಂತೆ, ತಲೆಯೆಲ್ಲ ನೆರೆಸಿಕೊಂಡು ಬಂದಿದ್ದಾನೆ, ಮುಂದಿನ ಹಲ್ಲೊಂದು ಇಲ್ಲ, ಅಂಥ ಲಾಭ ಇವರ ಮನೆಗೂ ಒಂದಿಷ್ಟು ಬರಲಿ. ಎದ್ದು ಹೋಗಿ ಆರಿಸಬಹುದು, ಆದರೆ ಇಲ್ಲಿಂದ ಏಳಲು ಮನಸ್ಸಿಲ್ಲ, ಬಚ್ಚಲ ಎದುರಿನ ಈ ಮೋಟು ಸ್ಟೂಲಿನ ಮೇಲೆ, ಮಡಿಲಲ್ಲಿ ಒಣಗಿದ ಬಟ್ಟೆ ಹಾಕಿಕೊಂಡು ಕೂತಿದ್ದೇನೆ, ಒದರಲಿ ಬಿಡು, ಮೊದಲಾದರೆ ಯಾರ ವಾದ ಗೆಲ್ಲುತ್ತದೆ ಎಂದು ಊಟ ಬಿಟ್ಟು ನೋಡುತ್ತಿದ್ದೆ, ಈಗ ಪಕ್ಕದ ಮನೆಯ ಮಿಕ್ಸಿಯ ಸದ್ದು ಕೇಳಿದಷ್ಟೇ. ಊರಿಗೆ ಊರೇ ಎರಡಾಗಿತ್ತಲ್ಲ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಎದ್ದು ನಿಂತು ವಾದಿಸುತ್ತಿದ್ದನಂತೆ. ಕೆಳಗೆ ನಮ್ಮ ಲಾಂಡ್ರಿ, ಅದರ ಹಿಂದಿನ ಕೋಣೆಯಲ್ಲಿ ತಮ್ಮ, ಮಹಡಿಯ ಮೇಲೆ ಗಡಿಯಾರ ರಿಪೇರಿ ಮಾಡುವ ತಾತ, ಬೆಳಕು ಹರಿಯುವ ಮೊದಲೇ ಹೊಗೆ ಮೆಟ್ಟಿಲು ಹತ್ತಿ ಹೋಗಿ ತಾತ ನಿದ್ದೆಯಲ್ಲೇ ಹೋಗಿಬಿಟ್ಟರು, ಇಷ್ಟು ಮಾತ್ರ ಎಲ್ಲರಿಗೂ ಗೊತ್ತಿದ್ದದ್ದು, ಉಳಿದದ್ದೆಲ್ಲ ಊಹೆ, ಆದರೆ ಕೋಟು ಹಾಕಿದ ಊಹೆ. ನೆಲದ ಮೇಲೆ ಮಡುಗಟ್ಟಿದ ಹಾಗೆ ಕಪ್ಪು ಗುರುತು, ಎಣ್ಣೆಯಂಥದ್ದನ್ನು ಸುರಿಯದೆ ಹೀಗಾಗುವುದಿಲ್ಲ ಎಂದ ತನಿಖೆಯ ಸಾಹೇಬ, ಅವನು ಕೋಲು ಹಿಡಿದು ಫೋಟೋದಲ್ಲಿ ತೋರಿಸುತ್ತಿದ್ದ ರೀತಿಗೆ ನನಗೂ ಒಂದು ಕ್ಷಣ ಹೌದೆನಿಸಿಬಿಟ್ಟಿತು, ಮೇಜಿನಡಿ ಪೆಟ್ರೋಲಿನ ಡಬ್ಬ ಸಿಕ್ಕಿತು ಎಂದರು, ಕಲೆ ತೆಗೆಯಲು ಯಾವ ಲಾಂಡ್ರಿಯಲ್ಲಿ ಇರುವುದಿಲ್ಲ, ಮುದುಕನ ಕಾಟ ತಾಳಲಾರೆ ಎಂದು ಇವನು ಬೀದಿಯಲ್ಲಿ ಕೂಗಿದ್ದನಂತೆ, ಕೂಗಿದ್ದ, ದಿನಾ ಕೂಗುತ್ತಿದ್ದ, ನಿನ್ನ ಮೆಷಿನ್ ನಡುಗಿದ್ರೆ ನನ್ನ ಕೈಲಿರೋ ಮುಳ್ಳು ಬೀಳುತ್ತೆ ಕಣೋ ಎಂದು ತಾತ ಮೇಲಿಂದ ಬೈಯುವುದು, ಮುಳ್ಳು ಬಿಡಿ ತಾತ, ಊಟ ಆಯ್ತಾ ಹೇಳಿ ಎಂದು ಇವನು ಕೆಳಗಿಂದ, ಬೈಗುಳ ಕೇಳಿದವರಿದ್ದರು, ಊಟ ಕೇಳಿದ್ದನ್ನು ಕೇಳಿದವರು ಸಾಕ್ಷಿಗೆ ಬರಲಿಲ್ಲ. ಮತ್ತೆ ಆ ಸ್ಕೂಟರು. ಮನೆ ಉರೀತಿದ್ರೆ ಮೊದಲು ತನ್ನ ಸ್ಕೂಟರ್ ಉಳಿಸಿಕೊಂಡ, ಅಂಥವನು, ಎಂದರು. ಲೇ, ಸ್ಕೂಟರು ಮೆಟ್ಟಿಲಿಗೆ ಅಡ್ಡ ನಿಂತಿತ್ತು ಕಣ್ರೋ, ಅದನ್ನು ಎಳೆಯದೆ ಮೇಲೆ ಹೋಗುವುದು ಹೇಗೆ, ಎಳೆದು ಆರು ಮೆಟ್ಟಿಲು ಹತ್ತಿ ಹೊಗೆ ಕುಡಿದು ಬಿದ್ದವನನ್ನು ಹಾಲಿನವನು ಕಾಲು ಹಿಡಿದು ಈಚೆ ಎಳೆದ, ಅದನ್ನು ಯಾರೂ ಚೌಕದಲ್ಲಿ ಕೂತು ಹೇಳಲಿಲ್ಲ.

ನಮ್ಮನೆಯವರೂ ಆಗ ಹೇಳಲಿಲ್ಲ. ಕೋರ್ಟು ಸುಮ್ ಸುಮ್ನೆ ಶಿಕ್ಷೆ ಕೊಡುತ್ತಾ, ಸಾಕ್ಷಿ ಅಂದ್ರೆ ಸಾಕ್ಷಿ, ಎಂದರು ತಟ್ಟೆ ನೋಡಿಕೊಂಡು, ನಾನು ಸಾರು ಬಡಿಸದೆ ಎದ್ದು ಹೋದೆ, ಆಮೇಲೆ ಎಷ್ಟೋ ತಿಂಗಳು ಉಪ್ಪು ಬೇಕಾ ಎನ್ನುವುದು ಬಿಟ್ಟು ನಮ್ಮಿಬ್ಬರ ನಡುವೆ ಮಾತೇ ಇಲ್ಲ, ಗೋಡೆಯ ಜೊತೆ ಸಂಸಾರ ಮಾಡಿದ ಹಾಗೆ. ಅವರನ್ನು ತಿರುಗಿಸಿದ್ದು ನಾನಲ್ಲ, ನಾನು ಅತ್ತೆ, ಬೈದೆ, ಅದಕ್ಕೆಲ್ಲ ಜಗ್ಗುವ ಜನವಲ್ಲ, ತಿರುಗಿಸಿದ್ದು ಪೇಪರಿನಲ್ಲಿ ಬಂದ ಬರಹ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಮೇಡಂ ಬರೆದದ್ದು, ಉರಿ ಸೂರಿಗೆ ಮುಟ್ಟಿ ಇಡೀ ಕೋಣೆ ಒಮ್ಮೆಲೇ ಹೊತ್ತಿಕೊಂಡರೆ ಏನೂ ಸುರಿಯದೆಯೂ ನೆಲ ಹೀಗೆಯೇ ಸುಡುತ್ತದೆ, ಹೀಗಿರುವಾಗ ಈ ಗುರುತನ್ನು ನಂಬಿ ಒಬ್ಬನನ್ನು ಜೈಲಿಗೆ ಹಾಕಬಹುದೇ, ಎಂದು. ಮಾರನೆಯ ದಿನ ಅದಕ್ಕೆ ಉತ್ತರ, ಉತ್ತರಕ್ಕೆ ಉತ್ತರ, ತನಿಖೆಯ ಸಾಹೇಬ ಟಿವಿಗೆ ಬಂದು ನನ್ನ ಅನುಭವವೇ ನನ್ನ ವಿಜ್ಞಾನ ಎಂದ, ಮೇಡಂ ತಣ್ಣಗೆ, ಹಾಗಾದರೆ ಎರಡು ಕೋಣೆ ಕಟ್ಟಿ ಸುಡೋಣ ಬನ್ನಿ, ಎಂದರು. ಸುಟ್ಟರು. ಒಂದರಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ಏನಿಲ್ಲ, ನೆಲದ ಫೋಟೋ ಪಕ್ಕಪಕ್ಕ ಇಟ್ಟು ಯಾವುದು ಯಾವುದು ಹೇಳಿ ಎಂದರೆ ಸಾಹೇಬನೇ ತಪ್ಪು ಹೇಳಿದ. ನಮ್ಮನೆಯವರು ಆವತ್ತು ಟಿವಿ ಮುಂದೆ ಎದ್ದು ನಿಂತರು, ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಅಡುಗೆಮನೆಗೆ ಬಂದು, ತಪ್ಪಾಯ್ತು ಮಾರಾಯ್ತಿ, ಸಾರು ಇದ್ರೆ ಬಡಿಸು, ಎಂದರು. ಆಮೇಲಿಂದ ಅವರನ್ನು ಹಿಡಿಯುವುದೇ ಕಷ್ಟ, ಬಸ್ ಸ್ಟಾಪಿನಲ್ಲಿ ಸಿಕ್ಕಸಿಕ್ಕವರ ತೋಳು ಹಿಡಿದು ನೆಲ ಸುಡುವ ಬಗೆ ವಿವರಿಸುವುದು, ಬಸ್ಸು ತಪ್ಪಿಸಿಕೊಂಡವರೆಷ್ಟು ಜನವೋ, ಪಾಪ.

ಆದರೂ ಒಂದು ಪ್ರಶ್ನೆ ಉಳಿದಿತ್ತಲ್ಲ, ಯಾರೂ ಹಚ್ಚದಿದ್ದರೆ ಬೆಂಕಿ ಬಂದದ್ದು ಎಲ್ಲಿಂದ, ಮೇಡಂ ಅದನ್ನೂ ಕೇಳಿಕೊಂಡೇ ನಮ್ಮ ಮನೆಗೆ ಬಂದದ್ದು, ಇದೇ ಹಾಲಿನಲ್ಲಿ ಕೂತು, ಹಿಂದಿನ ದಿನ ಏನೇನು ಒಗೆದ್ರು, ಹೇಗೆ ಒಣಗಿಸಿದ್ರು ನಿಮ್ಮ ತಮ್ಮ, ಎಲ್ಲಾ ಹೇಳಮ್ಮ, ಅಂದರು, ನಾನು ಹೇಳಿದೆ, ಮಸಾಜ್ ಕ್ಲಿನಿಕ್ಕಿನ ಟವೆಲುಗಳಿರುತ್ತಿದ್ದವು, ಡ್ರೈಯರಿನಿಂದ ತೆಗೆದ ಕೂಡಲೇ ಮಡಚಿ ಅಟ್ಟಿ ಹಾಕಿಡೋದು, ನಮ್ಮಮ್ಮನ ಕಾಲದಿಂದ ಹಾಗೇ. ಕೂಡಲೇ ಅಂದ್ರೆ, ಬಿಸಿಯಲ್ಲೇನಾ, ಎಂದರು. ಬಿಸಿಯಲ್ಲೇ, ಮತ್ತೆ, ಆರಿದ ಮೇಲೆ ಮಡಚಿದರೆ ಸುಕ್ಕು, ಅಮ್ಮನ ಲಾಂಡ್ರಿಯ ಹೆಸರು ನಿಂತದ್ದೇ ಅದರ ಮೇಲೆ, ಕೈ ಸುಟ್ಟರೆ ಸುಡಲಿ, ಊದಿಕೊಂಡು ಮಡಚು, ಎನ್ನುತ್ತಿದ್ದಳು, ಮಡಚಿ, ಒತ್ತಿ, ಗಾಳಿಯಾಡದ ಹಾಗೆ ಒಂದರ ಮೇಲೊಂದು, ಅಂಚಿಗೆ ಅಂಚು ಕೂರುವ ಹಾಗೆ, ಗಿರಾಕಿ ಅಟ್ಟಿಯನ್ನು ಕೈಯಲ್ಲಿ ಹಿಡಿದರೆ ಇನ್ನೂ ಬೆಚ್ಚಗಿರಬೇಕು. ಮೇಡಂ ಅದನ್ನು ಬರೆದುಕೊಂಡು, ಆಮೇಲೆ ಬಿಡಿಸಿ ಹೇಳಿದರು. ಎಷ್ಟು ಒಗೆದರೂ ಮಸಾಜಿನ ಎಣ್ಣೆ ನೂಲಿನಲ್ಲಿ ಉಳಿಯುತ್ತದಂತೆ, ಆ ಎಣ್ಣೆ ಬಿಸಿಯಲ್ಲಿ ತಾನೇ ಇನ್ನಷ್ಟು ಬಿಸಿಯಾಗುತ್ತದಂತೆ, ಒತ್ತಿ ಇಟ್ಟ ಅಟ್ಟಿಯ ನಡುವಿನಿಂದ ಕಾವು ಹೊರಗೆ ಹೋಗಲಾರದೆ ಒಳಗೊಳಗೇ ಏರಿ ಏರಿ ಒಂದು ಹೊತ್ತಿನಲ್ಲಿ ಕಿಡಿ — ಬೆಂಕಿಪೊಟ್ಟಣ ಬೇಡ, ಸಿಟ್ಟು ಬೇಡ, ಯಾರೂ ಬೇಡ. ವಿಚಾರಣೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ, ದಿನಾ ಉಸಿರಾಡುತ್ತಿದ್ದೆ ಸ್ವಾಮಿ ಎಂದು ಯಾರಾದರೂ ಹೇಳಿಕೆ ಕೊಡುತ್ತಾರೆಯೇ. ಅದನ್ನೂ ಮಾಡಿ ತೋರಿಸಿದರು, ಅಂಥದೇ ಟವೆಲು, ಅಂಥದೇ ಅಟ್ಟಿ, ಕೋರ್ಟಿನ ಪರದೆಯ ಮೇಲೆ ಅಟ್ಟಿಯ ನಡುವಿನಿಂದ ಹೊಗೆಯ ಒಂದು ಎಳೆ ಎದ್ದಾಗ ನಾನು ನೋಡಿದ್ದು ಪರದೆಯನ್ನಲ್ಲ, ಅವನನ್ನು, ಕಟಕಟೆಯ ಕಂಬಿ ಹಿಡಿದಿದ್ದ ಅವನ ಕೈಯನ್ನು.

ಅದಕ್ಕೇ ಹೆದರಿಕೆ, ಇಷ್ಟು ಹಗುರವಾಗಿರುವ ಹೊತ್ತಿನಲ್ಲೂ ಅದೊಂದು ಹೆದರಿಕೆ ಬಿಟ್ಟಿಲ್ಲ, ಕಾರಿನಲ್ಲಿ ಬರುವಾಗ ಕಿಟಕಿಯಾಚೆ ನೋಡುತ್ತ ಕೇಳಿದನಲ್ಲ, ಹಾಗಾದ್ರೆ ನಾನೇ ಅಲ್ವಾ ಅಕ್ಕ, ಆ ಟವೆಲ್ ಮಡಚಿದ್ದು ನಾನೇ ತಾನೇ. ಬಿಡಿಸಿದ ಸಾಕ್ಷಿಯೇ ಇವನನ್ನು ಒಳಗಿನಿಂದ ಹಿಡಿದು ಹಾಕಿದರೆ ಏನು ಮಾಡುವುದು, ಅದಕ್ಕೆ ಮೇಲಿನ ಕೋರ್ಟು ಯಾವುದು. ನಮ್ಮನೆಯವರು ಗೇರು ಬದಲಿಸುತ್ತ ಕೆಮ್ಮಿದರು, ನಾನು, ಸುಮ್ನಿರೋ, ಅಂದೆ, ಅಷ್ಟೇ, ಅಷ್ಟಲ್ಲ ಹೇಳಬೇಕಾಗಿದ್ದದ್ದು, ನಿನ್ನೆಯ ಮಾತು ನನ್ನ ಹತ್ತಿರ ಇತ್ತು, ಬಾಯಿಗೆ ಬರಲಿಲ್ಲ. ನಿನ್ನೆ ತೀರ್ಪಿನ ಮೇಲೆ ಕೋರ್ಟಿನ ಮೊಗಸಾಲೆಯಲ್ಲಿ ತಾತನ ಮಗಳು ನನ್ನ ಕಡೆಗೇ ಬಂದಳು, ಇಷ್ಟು ವರ್ಷ ಒಂದೇ ಮೊಗಸಾಲೆಯಲ್ಲಿ ಕೂತೂ ಮುಖ ನೋಡದವಳು, ಟಿವಿಯವರು ಅವಳ ಹಿಂದೆಯೇ ಮೈಕು ಚಾಚಿ ಓಡಿಬಂದರು, ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಹೊಡೆಯಲಿ ಎಂದೂ ಅಂದುಕೊಂಡೆ, ಅವಳು ಮೈಕಿನವರನ್ನು ಸರಿಸಿ ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದು ಬೇರೆಯೇ. ಹೇಳಬೇಕು ಅವನಿಗೆ, ಊಟ ಮಾಡುವಾಗ ಹೇಳಿದರೆ ಅನ್ನ ಗಂಟಲಲ್ಲಿ ಸಿಕ್ಕೀತು, ಮುಖ ನೋಡಿ ಹೇಳಲು ನನಗೇ ಧೈರ್ಯವಿಲ್ಲ, ಈಗ ಹೇಳುವುದೇ ಸರಿ, ನಡುವೆ ಬಾಗಿಲಿದೆ, ನೀರಿನ ಸದ್ದಿದೆ.

ಲೋ, ಕೇಳಿಸ್ತಿದ್ಯಾ, ತಾತನ ಮಗಳು ನಿನ್ನೆ ಮಾತಾಡಿಸಿದ್ಲು ಕಣೋ. ನೀರು ಸುರಿಯುತ್ತಲೇ ಇದೆ. ನಮ್ಮಪ್ಪನ್ನ ಕೊಲ್ಲೋವಷ್ಟು ದ್ವೇಷ ಯಾಕಿತ್ತು ಅವನಿಗೆ ಅಂತ ಇಷ್ಟು ವರ್ಷ ಅದೇ ಯೋಚ್ನೆ ಮಾಡ್ತಿದ್ದೆ, ಅಂದ್ಲು, ನಿದ್ದೆ ಇರ್ಲಿಲ್ಲ, ಅಂದ್ಲು, ಯಾರೂ ದ್ವೇಷ ಮಾಡ್ಲಿಲ್ಲ ಅಂತ ಗೊತ್ತಾಯ್ತಲ್ಲ, ನಂಗಷ್ಟು ಸಾಕು, ಟವೆಲ್ ಮೇಲೆ ಏನಂತ ಸಿಟ್ಟು ಮಾಡ್ಕೊಳ್ಲಿ, ಅವನಿಗೆ ಹೇಳಿ, ಮರೀದೆ ಹೇಳಿ, ಅಂದ್ಲು ಕಣೋ. ನಲ್ಲಿ ಕಿರ್ರೆಂದಿತು. ನೀರು ನಿಂತಿದೆ, ಈಗ ನಿಜವಾಗಿಯೂ ನಿಂತಿದೆ, ಹಾಲಿನಲ್ಲಿ ಯಾರೋ ಸಂಶಯ ಎನ್ನುತ್ತಿದ್ದಾರೆ, ಇನ್ಯಾರೋ ಸಾಕ್ಷ್ಯ ಎನ್ನುತ್ತಿದ್ದಾರೆ, ಆಮೇಲೆ ಒಂದು ಮೂಗೇರಿಸಿದ ಸದ್ದು, ಚಿಕ್ಕವನಿದ್ದಾಗ ಅತ್ತದ್ದು ಗೊತ್ತಾಗಬಾರದೆಂದು ಮಾಡುತ್ತಿದ್ದಂಥದೇ, ಆಮೇಲೆ, ಅಕ್ಕಾ, ಟವೆಲ್. ಮರೆತು ಹೋಗಿದ್ದಾನೆ, ಯಾವಾಗಲೂ ಮರೆಯುತ್ತಿದ್ದ, ಮರೆಯುವವನೇ ಬಂದಿದ್ದಾನೆ ನೋಡು, ನಗು ಬರುತ್ತಿದೆ ನನಗೆ, ಕಣ್ಣಲ್ಲಿ ನೀರೂ ಬರುತ್ತಿದೆ, ಮಡಿಲಿನಿಂದ ಟವೆಲು ತೆಗೆದರೆ ಅದು ಬಿಸಿ, ತಾರಸಿಯ ಬಿಸಿಲಿನಲ್ಲಿ ಒಣಗಿದ್ದು, ಮಾತಿನ ಭರದಲ್ಲಿ ಅದನ್ನು ಯಾವಾಗ ಮಡಚಿದೆನೋ ಗೊತ್ತಿಲ್ಲ, ಅಂಚಿಗೆ ಅಂಚು, ಅಮ್ಮನ ಮಡಿಕೆ, ಬಿಡಿಸಿಬಿಡಲೇ, ಕೊಡವಿ ಆರಿಸಲೇ, ಬೇರೆ ಇದೆಯೇ — ಚಿಲಕ ಸರಿಯಿತು, ಬಾಗಿಲು ಒಂದು ಗೇಣು ತೆರೆಯಿತು, ಕೈ ಬಂತು. ಜೈಲಿನ ಜಾಲರಿಯ ತೂತಿನಲ್ಲಿ ಬೆರಳ ತುದಿ ಮಾತ್ರ ಬರುತ್ತಿತ್ತು, ನಾನು ನನ್ನ ಬೆರಳ ತುದಿ ತಾಗಿಸುತ್ತಿದ್ದೆ, ಇದು ಮೊಣಕೈವರೆಗೆ ಪೂರ್ತಿ ಕೈ, ಅಂಗೈ ಮೇಲಾಗಿ, ನೆನೆದು ಬೆರಳೆಲ್ಲ ಸುಕ್ಕಾಗಿ, ನೀರಿಳಿಯುವ ಕೈ. ಇಟ್ಟೆ. ಬಿಸಿ ತಾಗಿ ಕೈ ನಿಂತಿತು. ಹೆಬ್ಬೆರಳು ಮಡಿಕೆಯ ಒಳಗೆ ಹೋಯಿತು, ಅಮ್ಮ ಕಾವು ನೋಡುತ್ತಿದ್ದ ಹಾಗೆ. ಬೆಚ್ಚಗಿದೆ ಅಕ್ಕ, ಅಂದ. ಹೂಂ ಕಣೋ, ಬಿಸಿಲಲ್ಲಿತ್ತು, ಅಂದೆ. ಕೈ ಒಳಗೆ ಹೋಗಲಿಲ್ಲ, ಟವೆಲನ್ನು ಕೆಳಗೆ ಬಿಡಲೂ ಇಲ್ಲ, ನನ್ನ ಬೆರಳು ಸಡಿಲಾದವು, ಬಾಗಿಲ ಸಂದಿಯಲ್ಲಿ ಆ ಕೈ, ಒದ್ದೆ ಕೈ, ಬಿಸಿ ಟವೆಲನ್ನು ಹಿಡಿದೇ ಇರುವ ಕೈ