ಶೈಲಜಾಳ ಡೆಮೊ ಕ್ಲಾಸು

ವಿಜ್ಞಾನವನ್ನು ಬಾಯಿಪಾಠ ಮಾಡಿಸಬೇಡಿ, ಮಕ್ಕಳೇ ಪ್ರಶ್ನೆ ಕೇಳಲಿ, ಮಾಡಿ ನೋಡಲಿ ಅಂತ ಟೀಚರುಗಳಿಗೆ ಕಲಿಸೋದು ನನ್ನ ಕೆಲಸ. 2006ರಲ್ಲಿ ಬಂದ ಹೊಸ ಪಠ್ಯಪುಸ್ತಕವೂ ಅದನ್ನೇ ಹೇಳುತ್ತಿತ್ತು. ಏನು ಬಂತು, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ದೇಶದ ರಾಜಧಾನಿಯಲ್ಲಿ, ಕಿದ್ವಾಯಿ ನಗರದ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಶೈಲಜಾ ಏಳನೇ ಕ್ಲಾಸಿಗೆ ಟೀಚರು. ದಾವಣಗೆರೆ ಕಡೆಯವಳು, ನನ್ನ ಹತ್ತಿರವೇ ತರಬೇತಿ ಪಡೆದವಳು. ಗಂಡ ಕೆಲಸಕ್ಕಿದ್ದ ಮಾನೇಸರಿನ ಫ್ಯಾಕ್ಟರಿ ಬಾಗಿಲು ಹಾಕಿತ್ತು. ಅವಳದೋ ಟೆಂಪರರಿ ಕೆಲಸ. ಅವತ್ತಿನ ಡೆಮೊ ಕ್ಲಾಸು ಪ್ರಿನ್ಸಿಪಾಲರಿಗೆ ಹಿಡಿಸಿದರೆ ಪರ್ಮನೆಂಟು, ಇಲ್ಲದಿದ್ದರೆ ಮನೆ ದಾರಿ. "ಅಕ್ಕಾ, ಹಿಂದಿನ ಬೆಂಚಲ್ಲಿ ನೀವು ಕೂತಿರಿ, ನನಗೊಂದು ಧೈರ್ಯ," ಅಂದಿದ್ದಳು.

ಉರಿಯೋ ಮೇಣದಬತ್ತಿಗೆ ಗಾಜಿನ ಜಾಡಿ ಬೋರಲು ಹಾಕಿದಳು. ಬತ್ತಿ ಆರಿತು. ಮಕ್ಕಳು ಒಬ್ಬೊಬ್ಬರೇ ಎದ್ದು ಪ್ರಶ್ನೆ ಕೇಳತೊಡಗಿದರು, ಥೇಟ್ ಹಾಜರಿಯ ಕ್ರಮದಲ್ಲಿ. ನನ್ನ ಮೈ ಉರಿದುಹೋಯಿತು. ಪುಣ್ಯಾತ್ಗಿತ್ತಿ ಪ್ರಶ್ನೆಗಳನ್ನೇ ಬಾಯಿಪಾಠ ಮಾಡಿಸಿದ್ದಳು, ತಪ್ಪು ಊಹೆಗಳ ಸಮೇತ. ಪ್ರಿನ್ಸಿಪಾಲರು ಮಾತ್ರ ಖುಷಿಯಿಂದ ತಲೆ ಆಡಿಸುತ್ತಿದ್ದರು. ಮೊದಲು ಕೆಲಸ ಉಳಿಯಲಿ, ಆಮೇಲೆ ಬೈದರಾಯಿತು ಅಂತ ಹಲ್ಲು ಕಚ್ಚಿ ಕೂತೆ.

ಆಗ ಒಬ್ಬ ಹುಡುಗಿ ತನ್ನ ಸರದಿ ಅಲ್ಲದಿದ್ದರೂ ಎದ್ದಳು. "ಮ್ಯಾಮ್, ಒಂದು ಉದ್ದದ ಬತ್ತಿ, ಒಂದು ಗಿಡ್ಡದ್ದು ಜಾಡಿಯೊಳಗೆ ಒಟ್ಟಿಗೆ ಇಟ್ಟರೆ ಮೊದಲು ಯಾವುದು ಆರುತ್ತೆ?" ಅಂತ ಹಿಂದಿಯಲ್ಲಿ ಕೇಳಿದಳು.

ಶೈಲಜಾಳ ಮುಖ ಬಿಳಿಚಿತು. ಕೂರಿಸೇ ಮಾರಾಯ್ತಿ ಅಂತ ನಾನು ಕಣ್ಣಲ್ಲೇ ಗೋಗರೆದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನನಗೂ ಗೊತ್ತಿಲ್ಲ. ಚಲೋ, ಮಾಡಿ ನೋಡೋಣ," ಅಂದು ಒಂದು ಬತ್ತಿಯನ್ನು ಅರ್ಧಕ್ಕೆ ಮುರಿದಳು.

ಮಕ್ಕಳು ಬೆಂಚು ಬಿಟ್ಟು ಮೇಜಿಗೆ ಮುತ್ತಿಕೊಂಡರು. ಉದ್ದದ್ದು, ಇಲ್ಲ ಗಿಡ್ಡದ್ದು ಅಂತ ಜಗಳವೇ ಶುರುವಾಯಿತು. ಇಂಥದ್ದೊಂದು ಕ್ಲಾಸು ನೋಡಲು ನಾನು ಎಷ್ಟು ವರ್ಷ ಒದ್ದಾಡಿದ್ದೆ. ಅಷ್ಟರಲ್ಲಿ ಪ್ರಿನ್ಸಿಪಾಲರು ಎದ್ದು ನಿಂತಿದ್ದರು. "ಟೀಚರಿಗೇ ಉತ್ತರ ಗೊತ್ತಿಲ್ಲವಂತೆ," ಅಂದು ಹೊರಟೇಹೋದರು.

ಅವರ ಕೋಣೆಗೆ ಓಡಿದೆ. ಕೈ ಮುಗಿದೆ, ಹೊಸ ಪುಸ್ತಕ ತೋರಿಸಿದೆ. "ಪೋಷಕರು ಕಾಸು ಕೊಡೋದು ಗೊತ್ತಿರೋರಿಗೆ, ಮೇಡಂ," ಅಂದರು. ನಾಳೆಯಿಂದ ಬರಬೇಡ ಅಂತ ಮಧ್ಯಾಹ್ನದ ಊಟಕ್ಕೆ ಮೊದಲೇ ಶೈಲಜಾಗೆ ಹೇಳಿಕಳಿಸಿದರು.

ಗೇಟಿನ ಹತ್ತಿರ ಅವಳ ಕೈ ಹಿಡಿದುಕೊಂಡೆ. "ಸರೋಜಿನಿ ನಗರದ ಶಾಲೆಯಲ್ಲಿ ನನಗೆ ಗುರುತಿನವರಿದ್ದಾರೆ ಕಣೇ. ಇವತ್ತೇ ಮಾತಾಡ್ತೀನಿ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಬೇಡ ಅಕ್ಕಾ. ಅಲ್ಲಿಗೆ ನಾನೇ ಹೋಗಿ ಕೇಳ್ತೀನಿ. ನಿಮ್ಮ ಹತ್ತಿರ ಕಲಿತವಳು ಅಂತ ಮಾತ್ರ ಯಾರಿಗೂ ಹೇಳಬೇಡಿ."