ಅಂಚಿನ ಗೀಚು

ಇಂಚರಾಳದು ಬಲು ಅಚ್ಚುಕಟ್ಟಾದ ಕೆಲಸವೆಂದು ಒಸಾಕಾದ ಆ ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಆ ಅಚ್ಚುಕಟ್ಟೇ ಅವಳಿಗೆ ಮುಳುವಾಯಿತು.

ಹಳೆಯ ಕಾಗದಗಳನ್ನು ಕಾಪಾಡುವ ವಿದ್ಯೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಈ ಮೈಸೂರಿನ ಹುಡುಗಿಗೆ, ಫಿಲಿಪೈನ್ಸಿನ ಕಾಮಿಕ್ಸ್ ಕಲಾವಿದ ಇಸಗಾನಿ ದಿಮಾಯುಗಾ ಅವರ ಅರವತ್ತು ವರ್ಷಗಳ ಚಿತ್ರಗಳ ಪ್ರದರ್ಶನಕ್ಕಾಗಿ ಮೂಲ ಹಾಳೆಗಳನ್ನು ಶುಚಿಮಾಡುವ ಕೆಲಸ ಸಿಕ್ಕಿತ್ತು. ಮೀನುಗಾರ್ತಿಯ ಚಿತ್ರವಿದ್ದ ಹಾಳೆಯ ಅಂಚಿನಲ್ಲಿ ಯಾವುದೋ ಮಗು ಪೆನ್ಸಿಲ್ಲಿನಿಂದ ಅಡ್ಡಾದಿಡ್ಡಿ ಗೀಚಿತ್ತು. ಇಂಚರಾ ನಿಯಮದಂತೆ ಫೋಟೋ ತೆಗೆದಳು, ಅರ್ಧ ದಿನ ಕೂತು ಮೆತ್ತನೆಯ ರಬ್ಬರಿನಿಂದ ಅದನ್ನು ಅಳಿಸಿದಳು. ಯಾರನ್ನೂ ಕೇಳಲಿಲ್ಲ. ಜಾಣರಿಗೆ ಕೇಳಬೇಕೆಂದು ಹೊಳೆಯುವುದು ತಡವಾಗಿಯೇ.

ಉದ್ಘಾಟನೆಯ ಹಿಂದಿನ ದಿನ ಕಲಾವಿದರ ಇಮೇಲ್ ಬಂತು. "ಮೀನುಗಾರ್ತಿಯ ಹಾಳೆಯ ಅಂಚನ್ನು ಚೌಕಟ್ಟಿನಿಂದ ಮುಚ್ಚಬೇಡಿ. ಅದು ನನ್ನ ಮಗಳು ಲಿಗಾಯಾ ಗೀಚಿದ್ದು. ನಾಲ್ಕು ವರ್ಷಕ್ಕೇ ಹೋಗಿಬಿಟ್ಟಳು. ಅವಳ ಕೈಯದೆಂದು ಉಳಿದಿರುವುದು ಅದೊಂದೇ."

ಇಂಚರಾ ಇಮೇಲನ್ನು ಮತ್ತೊಮ್ಮೆ ಓದಿದಳು. ರೂಮ್‌ಮೇಟ್ ಶ್ರಾವ್ಯಾಗೆ ಫೋನ್ ಮಾಡಿದಳು.

"ಸುಮ್ನೆ ಇದ್ಬಿಡೇ," ಎಂದಳು ಶ್ರಾವ್ಯಾ. "ಅಜ್ಜಂಗೆ ಎಂಬತ್ನಾಲ್ಕು ಅಂತೀಯ, ನೋಟಿಸ್ ಮಾಡಲ್ಲ. ಕೇಳಿದ್ರೆ ಫೋಟೋ ಪ್ರಿಂಟ್ ಹಾಕ್ಕೊಡು."

"ಮಗಳನ್ನ ಅಳಿಸಿ ಫೋಟೋ ಕೊಡ್ಲಾ?"

ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಬಂದ ಮುದುಕರನ್ನು ಅವಳು ತನ್ನ ಕೆಲಸದ ಕೋಣೆಗೆ ಕರೆದೊಯ್ದಳು. ಹಾಳೆಯನ್ನು ಮುಂದಿಟ್ಟು, ಕಂಪ್ಯೂಟರಿನಲ್ಲಿ ಫೋಟೋ ತೆರೆದು, ನಡೆದದ್ದನ್ನು ಹೇಳಿದಳು. ನೆಪ ಹುಡುಕಲಿಲ್ಲ, ಅಳು ಮಾತ್ರ ತಡೆಯಲಾಗಲಿಲ್ಲ.

ಅವರು ಬೈಯಲಿಲ್ಲ. ಫೋಟೋದ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿ ಅಂಚಿನತ್ತ ಕೈ ಚಾಚಿ, ಮುಟ್ಟಲು ಧೈರ್ಯ ಸಾಲದೆ ಹಿಂದೆಗೆದರು.

"ಬಹಳ ಒತ್ತಿ ಬರೆಯುತ್ತಿದ್ದಳು. ದಿನಾ ನನ್ನ ಪೆನ್ಸಿಲ್ ಮುರಿಯುತ್ತಿದ್ದಳು. ಒಂದು ಸಲ ಗದರಿಸಿದ್ದೆ," ಎಂದರು.

ಇಂಚರಾ ಅಳು ನಿಲ್ಲಿಸಿದಳು. ಒತ್ತಿ ಬರೆಯುತ್ತಿದ್ದಳೇ? ಓಡಿಹೋಗಿ ಪರದೆ ಎಳೆದು, ಲೈಟ್ ಆರಿಸಿ, ಟಾರ್ಚನ್ನು ಹಾಳೆಯ ಪಕ್ಕದಲ್ಲೇ ಮೇಜಿಗೆ ಅಡ್ಡ ಹಿಡಿದಳು. ಓರೆಬೆಳಕು ಬಿದ್ದದ್ದೇ ತಡ, ಕಾಗದದ ತಗ್ಗುಗಳಲ್ಲಿ ನೆರಳು ತುಂಬಿಕೊಂಡು ಗೆರೆಗಳೆದ್ದವು. ಸೊಟ್ಟ ಮೀನೊಂದು, ಅದರ ಸುತ್ತ ಸುತ್ತಿದ ಹತ್ತಾರು ಸುರುಳಿಗಳು. ಸೀಸ ಹೋಗಿತ್ತು, ಒತ್ತಿದ ಕೈ ಹೋಗಿರಲಿಲ್ಲ.

ಮುದುಕರು ಹಾಳೆಯ ಮೇಲೆ ಬಾಗಿದರು. ಟಾರ್ಚ್ ಹಿಡಿದ ಇಂಚರಾಳ ಕೈ ನಡುಗುತ್ತಿತ್ತು.

"ಅಲುಗಾಡಿಸಬೇಡಮ್ಮ," ಎಂದರು ಅವರು. "ಮಗು ಬರೆಯುತ್ತಿದೆ."