ಸ್ಕೋನ್ ಮಾಡಿದವರು ಯಾರು

ಊರಾಡಳಿತದ ಕೌನ್ಸಿಲ್‌ನಿಂದ ಒಬ್ಬರು ಬರುತ್ತಾರೆಂದು ಬೆರಿಲ್ ತನ್ನ ಮನೆಯ ಮುಂದಿನ ಕೋಣೆ ತೆರೆಸಿದಳು. ಆ ಬೀದಿಯಲ್ಲಿ ಮುಂದಿನ ಕೋಣೆ ತೆರೆಯುವುದು ಪಾದ್ರಿ ಬಂದಾಗ, ಇಲ್ಲವೇ ಮನೆಯಲ್ಲಿ ಶವಪೆಟ್ಟಿಗೆ ಇಟ್ಟಾಗ. ಉಳಿದ ಬದುಕೆಲ್ಲ ಅಡುಗೆಮನೆಯಲ್ಲೇ.

ಅವತ್ತು ಪಕ್ಕದ ಮನೆಯ ನೋರೀನ್ ಬೆಳಿಗ್ಗೆ ಐದಕ್ಕೇ ಬಂದಿದ್ದಳು. ಬೆರಿಲ್‌ಗೆ ನರದ ಕಾಯಿಲೆ. ಕಾಲು ಮಾತು ಕೇಳದು, ಬೆರಳು ಗುಂಡಿ ಹಿಡಿಯದು. ನೋರೀನ್ ಅವಳನ್ನು ಎಬ್ಬಿಸಿ, ಮೈ ತೊಳೆದು, ಬಟ್ಟೆ ತೊಡಿಸಿ, ಕೂದಲಿಗೆ ಸುರುಳಿ ಹಾಕಿ, ಹೊಸ್ತಿಲು ಉಜ್ಜಿ, ಟೀ ಜೊತೆ ತಿನ್ನುವ ಪುಟ್ಟ ಬನ್ನು, ಒಣದ್ರಾಕ್ಷಿಯ ಸ್ಕೋನ್ ಬೇಯಿಸಿಟ್ಟಳು. ಆರು ವರ್ಷದಿಂದ ಹೀಗೆಯೇ. ಬೆರಿಲ್ ಊರುಗೋಲಿನಿಂದ ಎರಡು ಮನೆಗಳ ನಡುಗೋಡೆ ತಟ್ಟಿದರೆ ಸಾಕು, ಬಂದುಬಿಡುತ್ತಿದ್ದಳು.

ಈಗ ನೋರೀನ್ ಕೆಲಸಕ್ಕಿದ್ದ ಅಂಗಡಿ ಮುಚ್ಚಿತ್ತು. ದೂರದ ಸಮುದ್ರದಂಡೆಯ ಒಂದು ಹೋಟೆಲಿನಿಂದ ಕೆಲಸಕ್ಕೆ ಕರೆ ಬಂದಿತ್ತು. ಬೆರಿಲ್‌ಗೆ ಆರೈಕೆ ಪಡೆಯುವ ಅರ್ಹತೆ ಇದೆಯೆಂದು ಕೌನ್ಸಿಲ್ ಒಪ್ಪಿದರೆ ಅದರ ಹಣ ನೇರ ಅವಳ ಕೈಗೇ ಬರುತ್ತದೆ. ತನಗೆ ಬೇಕಾದವರನ್ನು ಅವಳೇ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದು. ಆಗ ನೋರೀನ್ ಊರು ಬಿಡಬೇಕಾಗಿಲ್ಲ.

"ಇದ್ದದ್ದು ಇದ್ದ ಹಾಗೇ ಹೇಳು ಕಣೆ," ಎಂದಳು ನೋರೀನ್. "ಬರ್ತಿರೋಳು ಫಾರ್ಮ್ ತುಂಬೋಳು, ಮಹಾರಾಣಿ ಅಲ್ಲ."

"ನೀನು ಎದುರಿಗಿದ್ರೆ ನಂಗೆ ಬಾಯೇ ಬರಲ್ಲ. ಹೋಗು, ನಿಮ್ಮನೇಲಿ ಕೂತ್ಕೋ."

"ನಿಂಗೆ ಬಾಯಿ ಬರಲ್ವಾ? ಬೀದಿಯೋರು ಕೇಳಿದ್ರೆ ನಕ್ಕು ಸಾಯ್ತಾರೆ," ಎನ್ನುತ್ತಾ ಅವಳು ಹೊರಟಳು.

ಬಂದ ಅಧಿಕಾರಿಯ ಹೆಸರು ಜಿಲಿಯನ್. ಮೆಲುದನಿಯ ಹುಡುಗಿ. ಸ್ಕೋನ್ ಮುರಿದು ಬಾಯಿಗಿಟ್ಟು, "ಎಷ್ಟು ಮೆತ್ತಗಿದೆ. ನೀವೇ ಮಾಡಿದ್ರಾ?" ಎಂದಳು.

"ಹೂಂ," ಎಂದುಬಿಟ್ಟಳು ಬೆರಿಲ್. ಬಂದವರ ಮುಂದೆ ಇನ್ನೊಬ್ಬಳ ಕೈತಿಂಡಿ ಇಟ್ಟು ಹಾಗೆಂದು ಒಪ್ಪಿಕೊಳ್ಳುವ ಹೆಂಗಸು ಆ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಹೂಂ ಬಂದಮೇಲೆ ಉಳಿದವಕ್ಕೆ ದಾರಿಯಾಯಿತು. ಬಟ್ಟೆ? "ನಿಧಾನಕ್ಕೆ ಹಾಕ್ಕೋತೀನಿ." ಸ್ನಾನ? "ಏನೂ ತೊಂದ್ರೆ ಇಲ್ಲ." ಸಹಾಯಕ್ಕೆ ಯಾರಾದರೂ? "ಪಕ್ಕದ್ಮನೆಯವಳು ಆಗಾಗ ಬರ್ತಾಳೆ, ಟೀ ಕುಡಿಯೋಕೆ."

ಅವಳ ತಾಯಿಯೂ ಅಷ್ಟೇ. ಸಾಯುವ ದಿನ ಕೂಡ ಡಾಕ್ಟರಿಗೆ ಚೆನ್ನಾಗಿದ್ದೇನೆ ಎಂದೇ ಹೇಳಿದ್ದಳು.

ಮೂರು ವಾರಕ್ಕೆ ಪತ್ರ ಬಂತು. ಲಕೋಟೆ ಬಿಡಿಸಲು ಬೆರಿಲ್‌ಗೆ ಆಗದು. ನೋರೀನ್ ಬಿಡಿಸಿ ಅಡುಗೆಮನೆಯಲ್ಲಿ ನಿಂತೇ ಓದಿದಳು. ಅರ್ಹತೆ ಇಲ್ಲ. ಇವರು ಸ್ವತಃ ಉಡುಪು ತೊಡುತ್ತಾರೆ. ಭೇಟಿಯ ದಿನ ಸ್ವತಃ ಸ್ಕೋನ್ ತಯಾರಿಸಿದ್ದರು. ನೆರೆಯವರು ಆಗಾಗ ಟೀ ಕುಡಿಯಲು ಬರುತ್ತಾರೆ.

ಕೊನೆಯ ಸಾಲನ್ನು ಅವಳು ಇನ್ನೊಮ್ಮೆ ಓದಿದಳು.

"ಅವಳ ಮುಂದೆ ನಾಚ್ಕೆ ಆಯ್ತು ಕಣೆ," ಎಂದಳು ಬೆರಿಲ್.

"ನನ್ನ ಕೈಲಿ ಮೈ ತೊಳಿಸ್ಕೊಳ್ಳೋಕೆ ನಾಚ್ಕೆ ಇಲ್ಲ, ನನ್ನ ಹೆಸ್ರು ಹೇಳೋಕೆ ನಾಚ್ಕೆ." ನೋರೀನ್ ಪತ್ರ ಮಡಿಚಿ ಟೀಪಾತ್ರೆಯ ಕೆಳಗಿಟ್ಟಳು. "ಮತ್ತೆ ನೋಡಿ ಅಂತ ಕೇಳ್ಕೋಬಹುದಂತೆ. ಅದಕ್ಕೆ ತಿಂಗಳುಗಟ್ಟಲೆ ಆಗುತ್ತೆ. ಹೋಟೆಲಿನೋರು ಶುಕ್ರವಾರಕ್ಕೆ ಉತ್ತರ ಕೇಳಿದಾರೆ."

ಬೈದಿದ್ದರೆ ಬೆರಿಲ್‌ಗೆ ಹಗುರವಾಗುತ್ತಿತ್ತು. ನೋರೀನ್ ಬೈಯಲಿಲ್ಲ. ಅಂದು ಸಂಜೆಯೂ ಬಂದು ಮಲಗಿಸಿದಳು. ಮರುಪರಿಶೀಲನೆಯ ಅರ್ಜಿಯನ್ನೂ ಅವಳೇ ತುಂಬಿದಳು. ಭಾನುವಾರ ಊರು ಬಿಟ್ಟಳು.

ಜಿಲಿಯನ್ ಮತ್ತೆ ಬರುವ ಹೊತ್ತಿಗೆ ಚಳಿಗಾಲ. ಈ ಸಲ ಮುಂದಿನ ಕೋಣೆ ತೆರೆದಿರಲಿಲ್ಲ. ಬೆರಿಲ್ ಅಡುಗೆಮನೆಯ ಕುರ್ಚಿಯಲ್ಲಿದ್ದಳು. ಎಷ್ಟೋ ರಾತ್ರಿ ಅದರಲ್ಲೇ ನಿದ್ದೆ. ಚರ್ಚಿನ ಹೆಂಗಸರು ಸೂಪು ತಂದಿಟ್ಟು ಹೋಗುತ್ತಿದ್ದರು, ಮೈ ತೊಳೆಯುವವರು ಯಾರೂ ಇರಲಿಲ್ಲ. ಸ್ವೆಟರಿನ ಗುಂಡಿ ತೆರೆದೇ ಇತ್ತು, ಕೂದಲು ಅಂಟಾಗಿತ್ತು. ಟೀ ಕೂಡ ಇರಲಿಲ್ಲ.

ಬಟ್ಟೆ? "ಆಗಲ್ಲ." ಸ್ನಾನ? "ಆಗಲ್ಲ." ಶೌಚ? ಬೆರಿಲ್ ಕಣ್ಣು ಮುಚ್ಚಿಕೊಂಡು ಅದನ್ನೂ ಹೇಳಿದಳು. ಒಂದೊಂದು ಮಾತಿಗೂ ಮಾನ ಕಳಚಿ ಬೀಳುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

ಜಿಲಿಯನ್ ತಲೆಯೆತ್ತದೆ ಬರೆದಳು. ಆಮೇಲೆ, "ಈ ಸಲ ಖಂಡಿತ ಆಗುತ್ತೆ," ಎಂದಳು. "ಯಾರನ್ನ ಇಟ್ಕೋಬೇಕು ಅನ್ನೋದು ನಿಮ್ಮಿಷ್ಟ. ಯಾರಾದ್ರೂ ಮನಸ್ಸಲ್ಲಿದಾರಾ?"

ನಡುಗೋಡೆಯಾಚೆ ಹೊಸ ಬಾಡಿಗೆಯವರ ರೇಡಿಯೋ ಹಾಡುತ್ತಿತ್ತು.

"ಅವತ್ತಿನ ಸ್ಕೋನ್ ನಾನು ಮಾಡಿದ್ದಲ್ಲ," ಎಂದಳು ಬೆರಿಲ್. "ನೋರೀನ್ ಮಾಡಿದ್ದು. ಅದನ್ನ ಮೊದ್ಲು ಬರ್ಕೊಳ್ಳಿ."

ಜಿಲಿಯನ್ ಹೆಸರು ಬರೆದುಕೊಂಡು ಪೆನ್ನು ಹಿಡಿದು ಕಾದಳು. "ಅವರ ವಿಳಾಸ?"

ಬೆರಿಲ್ ಗೋಡೆಯ ಕಡೆ ನೋಡಿದಳು. ತಟ್ಟಿದರೆ ಬರುತ್ತಿದ್ದವಳ ವಿಳಾಸವನ್ನು ಅವಳು ಕೇಳಿರಲೇ ಇಲ್ಲ.